ತಾತನ ಸೂಜಿಗೆ ಅಜ್ಜಿಯ ಕೈ

ಬೋಡಿನಾಯಕನೂರು
೧೪ ಡಿಸೆಂಬರ್ ೨೦೨೫

ದಿಂಡಿಗಲ್ ಸೀಮೆಯ ಸಕಲ ಸೂಜಿ-ಸಿರಿಂಜುಗಳ ಒಡತಿ, ಹಟಮಾರಿ ರೋಗಿಗಳ ಸಿಂಹಸ್ವಪ್ನ, ನರ್ಸಮ್ಮ ಯುವಶ್ರೀ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ತಮ್ಮ ಶಿವಬಾಲನ್ ನೆಲಕ್ಕೆ ಹಣೆ ಹಚ್ಚಿ ಮಾಡಿಕೊಳ್ಳುವ ಬಿನ್ನಹ.

ಫೋನ್ ಮಾಡದೆ ಕಾಗದ ಬರೆದು ಅದರ ಫೋಟೊ ಕಳಿಸುತ್ತಿರುವುದಕ್ಕೆ ಕಾರಣವಿದೆ. ಈ ಮನೆಯಲ್ಲಿ ಫೋನ್ ಎತ್ತಿದರೆ ಎಲ್ಲರ ಕಿವಿಯೂ ಹತ್ತಿರ ಬರುತ್ತದೆ. ಮನೆಮಾತು ಕನ್ನಡ ಎಲ್ಲರ ಬಾಯಲ್ಲೂ ಇದೆ. ಓದಲು ಬರುವುದು ಮಾತ್ರ ಮೈಸೂರಿನಲ್ಲಿ ಅಕ್ಷರ ಕಲಿತು ಬಂದ ನಿನಗೆ, ನೀನು ಕಿವಿ ಹಿಂಡಿ ಕಲಿಸಿದ ನನಗೆ.

ಕಳೆದ ವಾರ ಮಧುರೆಯ ಡಾಕ್ಟರುಗಳು ಏಲಕ್ಕಿ ಮಂಡಿಯ ಹತ್ತಿರ ಶಿಬಿರ ಹಾಕಿದ್ದರು. ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದ್ದರೆ ಅದರ ಸುಳಿವು ರಕ್ತದಲ್ಲೂ ತೇಲುತ್ತಿರುತ್ತದಂತೆ. ಸ್ವಲ್ಪ ರಕ್ತ ಕೊಟ್ಟರೆ ಹುಡುಕಿ ನೋಡುತ್ತಾರಂತೆ. ಬೀಡಿ ಸಾಮ್ರಾಟ ಚಿನ್ನಯ್ಯ ತಾತನನ್ನು ಎಳೆದುಕೊಂಡು ಹೋದೆವು. ಸೂಜಿ ಕಂಡದ್ದೇ ಸಾಮ್ರಾಟರು ಕುರ್ಚಿ ಬಿಟ್ಟೆದ್ದರು. ರಂಗಮ್ಮಾಳ್ ಅಜ್ಜಿ, “ಈ ಮೀಸೆ ಯಾತಕ್ಕೆ? ಅತ್ತ ಸರಿ! ಮೊದಲು ನಂದು ತಗಳಮ್ಮಾ” ಎಂದು ತಾನೇ ಕೂತು ಕೈ ಚಾಚಿದಳು. ತಾತ ನಾಚಿ, ಆಮೇಲೆ ಕೊಟ್ಟರು.

ನಿನ್ನೆ ಇಬ್ಬರ ವರದಿಯೂ ನನ್ನ ಫೋನಿಗೆ ಬಂತು, ಇಂಗ್ಲಿಷಿನಲ್ಲಿ. ನಾನು ಟವೆಲನ್ನು ಶಲ್ಯದಂತೆ ಹೊದ್ದು, ಡಂಗುರದವನ ಗತ್ತಿನಲ್ಲಿ ಓದುತ್ತ ಓದುತ್ತಲೇ ಕನ್ನಡ ಮಾಡಿ ಹೇಳಿದೆ. ಚಿನ್ನಯ್ಯನವರ ರಕ್ತದಲ್ಲಿ ಏನೂ ಇಲ್ಲ! ಚಪ್ಪಾಳೆ. ರಂಗಮ್ಮಾಳ್ ಅವರ ರಕ್ತದಲ್ಲಿ ಸುಳಿವು ಸಿಕ್ಕಿದೆ. ಇದೇ ಕೊನೆಯ ಮಾತಲ್ಲ, ಕೂಡಲೇ ಸ್ಕ್ಯಾನ್ ಮಾಡಿಸಬೇಕು.

ಅಕ್ಕಾ, ಅಮ್ಮನ ಕೈಯ ಸಟ್ಟುಗ ಗಾಳಿಯಲ್ಲೇ ನಿಂತಿತು, ದೋಸೆ ಕರಕಾಯಿತು. ಅಜ್ಜಿ ಬೀಡಿ ಮುಟ್ಟಿದವಳಲ್ಲ. ಏಲಕ್ಕಿ ಒಣಗಿಸುವ ಮನೆಯಲ್ಲಿ ಸೌದೆ ಒಟ್ಟಿ ಹೊಗೆ ಕುಡಿಯುತ್ತಲೇ ಮುದುಕಿಯಾದವಳು. ತಾತ ನನ್ನ ಅಂಗಿ ಹಿಡಿದು ಅಲುಗಿಸಿದರು: “ಬೀಡಿ ನಂದು, ಕಾಯಿಲೆ ಅವಳಿಗಾ? ತಿರುಗಾ ಓದು ಡಾ!” ಅಜ್ಜಿ ಸೂಜಿ ಚುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದಳು.

ನಾನು ಗಹಗಹಿಸಿ ನಕ್ಕೆ. “ಎಲ್ಲಾರೂ ನಂಬ್ಬಿಟ್ರಾ?” ಎಂದೆ.

ಅಮ್ಮ ಬಿಸಿ ಸಟ್ಟುಗದಲ್ಲೇ ಬಾರಿಸಿದಳು. ತಾತ ನನ್ನ ವಂಶಕ್ಕೇ ಶಾಪ ಹಾಕಿದರು, ಅದು ಅವರದೇ ವಂಶ ಎಂಬುದು ಮರೆತು. ಆಮೇಲೆ ಬೀಡಿ ಕಟ್ಟನ್ನು ಒಲೆಗೆಸೆದು ಅತ್ತರು. ಅಜ್ಜಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, “ನಾಯಿ ಮಗನೇ, ಜೀವ ಹೋಗಿ ಬಂತಲ್ಲೋ” ಎಂದು ನಕ್ಕು, ಇನ್ನೊಂದು ದೋಸೆ ಹಾಕಿಸಿಕೊಂಡಳು.

ಮಹಾರಾಣಿಯವರು ನಾಳೆಯ ಮೊದಲ ಬಸ್ಸಿಗೇ ದಯಮಾಡಿಸಬೇಕು. ಆಸ್ಪತ್ರೆಯವರು ರಜೆ ಕೊಡದಿದ್ದರೆ ತಮ್ಮನಿಗೆ ಹುಚ್ಚು ಹಿಡಿದಿದೆ ಎನ್ನು. ನನ್ನನ್ನು ಕಂಡವರು ಯಾರೂ ಅನುಮಾನಪಡುವುದಿಲ್ಲ.

ಸಟ್ಟುಗದ ಬರೆ ಹೊತ್ತ,
ನಿನ್ನ ತಮ್ಮ
ಶಿವಬಾಲನ್

ತಾ.ಕ.: ವರದಿಯಲ್ಲಿ ಇರುವುದನ್ನೇ ಓದಿದ್ದೆ, ಅಕ್ಕಾ. ನಕ್ಕದ್ದೊಂದೇ ಸುಳ್ಳು.