ಗೋಡೆಗೆ ಬರೆಯಬೇಕೆಂದಿರುವ ಹೆಸರು

ವಾಇಲ್ ಅಣ್ಣ,

ಎದುರು ನಿಂತು ಹೇಳುವ ಧೈರ್ಯ ನನಗಿಲ್ಲವೆಂದು ನಿನಗೆ ಗೊತ್ತು. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಅಮ್ಮನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದವಳು ನಾನು. ಅದಕ್ಕೇ ಈ ಕಾಗದ. ಗುರುವಾರದ ಸಿನಿಮಾ ಆಟಕ್ಕೆ ಮೊದಲು ಓದು. ಒಬ್ಬನೇ ಕೂತು ಓದು.

ಹಾರಿಸ್ ಸಿನಿಮಾ ಬರೆದದ್ದು ನಾನು. ಪೋಸ್ಟರಿನಲ್ಲಿರುವ ‘ರ. ನೂರ್’ ನೀವೆಲ್ಲ ಅಂದುಕೊಂಡಂತೆ ಯಾವ ಗಂಡಸೂ ಅಲ್ಲ, ನಿನ್ನ ತಂಗಿ ರಬಾಬ್.

ನಿಮ್ಮ ಅಭಿಮಾನಿಗಳ ‘ಹಾರಿಸ್ ಪಡೆ’ಯ ಪುಟವನ್ನು ದಿನವೂ ನೋಡುತ್ತೇನೆ. ನೋಡಬಾರದು ಅಂದುಕೊಂಡೇ ನೋಡುತ್ತೇನೆ. ಟ್ರೇಲರ್ ಬಂದ ದಿನ ನೀನು ವಿಡಿಯೊ ಮಾಡಿ ಕೂಗಿದೆ: “ಹಸಿರು ನಿಲುವಂಗಿ ಎಲ್ರೀ? ನಗು ಎಲ್ಲಿ? ನಮ್ ಹಾರಿಸ್ ಹೆದರೋ ಮಗ ಅಲ್ಲ!” ಅದರ ಕೆಳಗೆ ಒಬ್ಬ ಬರೆದ: “ಈ ಕಥೆ ಬರೆದೋನ ಅಮ್ಮನ ಹೆಸರು ಹುಡುಕ್ರೋ. ಟಾಕೀಸಿನ ಗೋಡೆ ಮೇಲೆ ದೊಡ್ಡದಾಗಿ ಬರೆಯೋಣ.” ನೀನು ಉತ್ತರ ಕೊಟ್ಟೆ: “ಹೆಸರು ನೀನು ತಾ, ಬಣ್ಣ ನಾನು ತರ್ತೀನಿ.”

ನಮ್ಮ ಕಡೆ ಒಬ್ಬನ ಮಾನ ಕಳೆಯಲು ಅವನ ಅಮ್ಮನ ಹೆಸರು ನಾಲ್ಕು ಜನಕ್ಕೆ ಕೇಳಿಸಿದರೆ ಸಾಕಲ್ಲ. ನಿನ್ನ ಉತ್ತರ ಓದಿದಾಗ ಮೆಟ್ರೋದಲ್ಲಿದ್ದೆ. ನಮ್ಮ ಶುಬ್ರಾ ನಿಲ್ದಾಣ ಬಂದು ಹೋದದ್ದೂ ತಿಳಿಯಲಿಲ್ಲ. ಅಂದಿನಿಂದ ಗೋಡೆಗಳನ್ನು ನೋಡಿಕೊಂಡೇ ನಡೆಯುತ್ತೇನೆ. ಹಸಿ ಬಣ್ಣದ ವಾಸನೆ ಬಂದರೆ ನಿಂತು ಅಕ್ಷರ ಓದುತ್ತೇನೆ. ಬರೆದದ್ದು ನಿನ್ನ ಅಕ್ಷರದಲ್ಲಿದ್ದರೆ ಏನು ಮಾಡಲಿ?

ನಿನ್ನ ಸಿಟ್ಟು ನನಗೆ ಅರ್ಥವಾಗದ್ದಲ್ಲ. ಹಾರಿಸನ ಸಾಹಸಗಳ ಚಿತ್ರಕಥೆ ಪತ್ರಿಕೆಯನ್ನು ನನಗೆ ಓದಿ ಹೇಳಿದವನೇ ನೀನು. ಬಾಲ್ಕನಿಯಲ್ಲಿ ಕೂತು, ಸೂರ್ಯಕಾಂತಿ ಬೀಜ ಸುಲಿದು ನನ್ನ ಬಾಯಿಗೆ ಹಾಕುತ್ತ, ಕಳ್ಳರ ದನಿ ಬೇರೆ, ಹಾರಿಸನ ದನಿ ಬೇರೆ ಮಾಡಿ ಓದುತ್ತಿದ್ದೆ. ಕೂಗಿದ ಕೂಡಲೇ ಓಡಿ ಬರುತ್ತಿದ್ದವನು ನಮಗೆ ಅವನೊಬ್ಬನೇ. ಅವನ ನಿಲುವಂಗಿಯನ್ನು ನಾನು ಹರಿದೆ ಎಂದು ನಿನಗೆ ಅನಿಸಿದರೆ ತಪ್ಪಿಲ್ಲ.

ಆದರೆ ಆ ಬಾಲ್ಕನಿಯಲ್ಲೇ ಇನ್ನೊಂದೂ ನಡೆದಿತ್ತಲ್ಲ. ಹಳ್ಳಿಯಿಂದ ಬಂದ ದೊಡ್ಡಮ್ಮ ಬೀದಿಯಲ್ಲಿ ನಿಂತು ಅಮ್ಮನನ್ನು ಹೆಸರು ಹಿಡಿದು ಕೂಗಿದಳು, “ಹಗ್ಗ ಕಟ್ಟಿ ಬುಟ್ಟಿ ಇಳಿಸೇ!” ಎಂದು. ಕೆಳಗೆ ಚೆಂಡಾಡುತ್ತಿದ್ದ ನಿನ್ನ ಗೆಳೆಯರೆಲ್ಲ ಕೇಳಿಸಿಕೊಂಡರು. ಆಮೇಲೆ ಶಾಲೆಯ ದಾರಿಯುದ್ದಕ್ಕೂ ಆ ಹೆಸರನ್ನು ಹಾಡು ಮಾಡಿ ಹಾಡಿದರು. ನೀನು ಅಂಗಿ ಹರಿದುಕೊಂಡು, ತುಟಿ ಒಡೆದುಕೊಂಡು ಮನೆಗೆ ಬಂದೆ. ಅಮ್ಮ ರಕ್ತ ನಿಲ್ಲಲೆಂದು ಕಾಫಿಪುಡಿಯನ್ನು ಗಾಯಕ್ಕೆ ಒತ್ತುತ್ತ, “ನನ್ನ ಹೆಸರೇನು ಬೈಗುಳವೇನೋ?” ಎಂದಳು. ನೀನು ಗೋಡೆಗೆ ಮುಖ ತಿರುಗಿಸಿದೆ.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗಲೂ ಆ ಹೆಸರು ನಿನ್ನ ಬಾಯಿಂದ ಸುಲಭಕ್ಕೆ ಬರಲಿಲ್ಲ. ನರ್ಸ್ ಬಾಗಿಲಿಗೆ ಬಂದು ಕೇಳಿದಳು, “ರೋಗಿ ಹೆಸರೇನಪ್ಪಾ?” ನೀನು “ವಾಇಲ್‌ನ ಅಮ್ಮ” ಅಂದೆ. “ಒಳಗೆ ಇನ್ನೊಬ್ಬಳು ವಾಇಲ್‌ನ ಅಮ್ಮ ಇದಾಳೆ ಮಾರಾಯ, ರಕ್ತ ಯಾರಿಗೆ ಕೊಡ್ಲಿ?” ರಕ್ತ ಕೊಡಲು ಬಂದಿದ್ದ ನಿನ್ನ ಗೆಳೆಯರು ಪಕ್ಕದಲ್ಲೇ ನಿಂತಿದ್ದರು. ನೀನು ಅವರ ಮುಖ ನೋಡಿದೆ. ಆಮೇಲೆ ನರ್ಸಿನ ಕಿವಿಗೆ ಬಾಗಿದೆ. ಆ ನಡುವಿನ ಗಳಿಗೆಯಲ್ಲಿ ನಾನು ಹೆದರಿದಷ್ಟು ಬದುಕಿನಲ್ಲಿ ಎಂದೂ ಹೆದರಿಲ್ಲ.

ಸಿನಿಮಾ ಹುಟ್ಟಿದ್ದು ಅಲ್ಲಿ. ಕುಸಿದ ಕಟ್ಟಡದ ಕಲ್ಲುಮಣ್ಣಿನ ಮೇಲೆ ಹಾರಿಸ್ ನಿಂತಿದ್ದಾನೆ. ಎಲ್ಲರೂ “ಅಮ್ಮಾ” ಎಂದೇ ಕೂಗುತ್ತಿದ್ದಾರೆ, ಅಡಿಯಿಂದ ಎಷ್ಟೋ ಅಮ್ಮಂದಿರು ಓಗೊಡುತ್ತಿದ್ದಾರೆ. ತನ್ನವಳು ಎಲ್ಲಿದ್ದಾಳೆಂದು ತಿಳಿಯಲು ಅವನು ಹೆಸರು ಹಿಡಿದು ಕೂಗಬೇಕು. ಇಡೀ ಕೇರಿ ಕೇಳುತ್ತಿದೆ. ಮುಖವಾಡ ತೆಗೆಯಲು ಅಂಜದವನು ಅದಕ್ಕೆ ಅಂಜುತ್ತಾನೆ. ಕೊನೆಗೂ ಕೂಗುತ್ತಾನೆ, ಆದರೆ ತಡವಾಗಿರುತ್ತದೆ. ಟ್ರೇಲರಿನಲ್ಲಿ ಬರೀ ತುಟಿ ಅಲುಗುವುದು ಕಂಡಿತಲ್ಲ, ಅದು ಈ ಜಾಗ. ಅವನು ಕೂಗುವುದು ನಮ್ಮ ಅಮ್ಮನ ಹೆಸರನ್ನೇ.

ಅಮ್ಮನನ್ನು ಕೇಳಿಯೇ ಬರೆದೆ. ಮೊಲೊಖಿಯಾ ಸೊಪ್ಪು ಹೆಚ್ಚುತ್ತಿದ್ದವಳು ಕತ್ತಿ ನಿಲ್ಲಿಸಿದಳು. “ನಮ್ಮಪ್ಪ ಹೋದ್ಮೇಲೆ ಗಂಡಸರ ಬಾಯಲ್ಲಿ ನನ್ನ ಹೆಸರು ಕೇಳೇ ಇಲ್ಲ ಕಣೇ. ಆ ಹುಡುಗ ಜೋರಾಗಿ ಕೂಗ್ತಾನಾ?” “ಗಂಟಲು ಹರಿಯೋ ಹಾಗೆ ಕೂಗ್ತಾನಮ್ಮ.” “ಹಾಗಾದ್ರೆ ಅವತ್ತು ನನ್ನನ್ನ ವಾಇಲ್ ಪಕ್ಕ ಕೂರಿಸು” ಎಂದಳು. ಗುರುವಾರಕ್ಕೆಂದು ಅವಳ ನೀಲಿ ತಲೆವಸ್ತ್ರ ಈಗಾಗಲೇ ಇಸ್ತ್ರಿಯಾಗಿದೆ.

ಅಣ್ಣ, ಈಗ ನನ್ನ ನಿಜವಾದ ಹೆದರಿಕೆ ಹೇಳುತ್ತೇನೆ. ಅದು ಬಣ್ಣದ್ದಲ್ಲ. ಕತ್ತಲಲ್ಲಿ ಆ ಹೆಸರು ಮೊಳಗಿದಾಗ ನಿಮ್ಮ ಪಡೆ ಶಿಳ್ಳೆ ಹಾಕುತ್ತದೆ, ಕೇಕೆ ಹಾಕಿ ನಗುತ್ತದೆ. ಅದು ಯಾರ ಹೆಸರೆಂದು ಅವರಲ್ಲಿ ನಿನಗೊಬ್ಬನಿಗೇ ಗೊತ್ತಿರುತ್ತದೆ. ಗೊತ್ತಾಗಬಾರದೆಂದು ನೀನೂ ಅವರ ಜೊತೆ ನಕ್ಕುಬಿಟ್ಟರೆ? ಪಕ್ಕದಲ್ಲಿ ಅಮ್ಮ ಕೂತಿರುತ್ತಾಳೆ.

ಸಿನಿಮಾವನ್ನು ಬೈ. ನನ್ನನ್ನು ಬೈ. ಹಸಿರು ನಿಲುವಂಗಿಗಾಗಿ ಇನ್ನಷ್ಟು ವಿಡಿಯೊ ಮಾಡು. ಆ ಒಂದು ಗಳಿಗೆ ಮಾತ್ರ ನಗಬೇಡ. ಗೋಡೆಗೆ ಬರೆಯಲೇಬೇಕು ಅನಿಸಿದರೆ ಅಕ್ಷರ ತಪ್ಪದಂತೆ ಬರೆ. ಕೊನೆಯ ಅಕ್ಷರವನ್ನು ಜನ ಯಾವಾಗಲೂ ತಪ್ಪು ಬರೆಯುತ್ತಾರೆ. ಎದೆಯ ಭಾರ ಇಳಿಯುವುದು ಎಂಬ ಅರ್ಥದ ಹೆಸರು ಅದು.

ದೇವರು ನಿನ್ನ ಗಂಟಲನ್ನು ಕಾಯಲಿ.

ಇನ್ಶಿರಾಹ್‌ಳ ಮಗಳು,
ನಿನ್ನ ತಂಗಿ,
ರಬಾಬ್