ಬೀಗ ಒಡೆಸಿದ್ದು ನಾನೇ

ರೀ,

ಬಾಗಿಲು ನೋಡಿ ಗಾಬರಿಯಾಗಬೇಡಿ, ಕಳ್ಳರು ಬಂದಿಲ್ಲ. ಬೀಗ ಒಡೆಸಿದ್ದು ನಾನೇ.

ಮಾವ ಬಚ್ಚಲಲ್ಲಿ ಜಾರಿ ಬಿದ್ದರು. ನನ್ನೊಬ್ಬಳ ಕೈಲಿ ಎತ್ತಲಾಗಲಿಲ್ಲ. ಹನ್ನೊಂದು ಸಲ ಫೋನು ಮಾಡಿದೆ, ನೀವು ಎತ್ತಲಿಲ್ಲ. ಮರೆವಿನಲ್ಲಿ ಮಾವ ಎಲ್ಲಾದರೂ ಹೋದಾರೆಂದು ಹೊರಗಿನಿಂದ ಬೀಗ ಹಾಕಿ ಹೋಗುತ್ತೀರಲ್ಲ, ಒಳಗೆ ನಾನೂ ಇರುತ್ತೇನೆ, ನೆನಪಿದೆಯಾ? ಕೊನೆಗೆ ಅಡುಗೆಮನೆ ಕಿಟಕಿಯಿಂದ ಪಕ್ಕದ ಮನೆ ಚೆನ್ನಾಜಮ್ಮನವರನ್ನು ಕೂಗಿದೆ. ಅವರ ಅಳಿಯ ಬಂದು ಬೀಗ ಒಡೆದ.

ಎಕ್ಸ್‌ರೇ ತೆಗೆಸಲು ಎಲ್ಲರೂ ಆಟೋದಲ್ಲಿ ಮಂಡ್ಯಕ್ಕೆ ಹೋಗುತ್ತಿದ್ದೇವೆ. ಮಾವನ ಆಧಾರ್ ಕಾರ್ಡು ಬೀರುವಿನಲ್ಲಿದೆ, ತನ್ನಿ. ಅದರ ಕೀಯೂ ನಿಮ್ಮ ಹತ್ತಿರವೇ ಇದೆ. ಸಾರು ಬಿಸಿ ಮಾಡಿಕೊಂಡು ಉಂಡು ಬನ್ನಿ.

ಹೊಸ ಬೀಗ ತರಬೇಡಿ. ಒಳಗಿನ ಚಿಲಕ ಸಾಕು, ಚೆನ್ನಾಜಮ್ಮ ಕಣ್ಣಿಟ್ಟಿರುತ್ತಾರಂತೆ.

ಮಾವ ದುದ್ದದಲ್ಲಿ ಮಗಳ ಮನೆಯಲ್ಲಿದ್ದಾರೆ ಅಂತ ಇನ್ನು ಯಾರಿಗೂ ಸುಳ್ಳು ಹೇಳಬೇಡಿ. ಚೆನ್ನಾಜಮ್ಮನಿಗೆ ಮೊದಲೇ ಗೊತ್ತಿತ್ತು. ನಾವಾಗಿ ಹೇಳಲಿ ಎಂದು ಸುಮ್ಮನಿದ್ದರಂತೆ. ನಾನು ಬಟ್ಟೆ ಒಗೆಯುವಾಗಲೆಲ್ಲ ಮಾವ ಅದೇ ಕಿಟಕಿಯಲ್ಲಿ ನಿಂತು ಅವರನ್ನು ಕರೆದು ಹೇಳುತ್ತಿದ್ದರಂತೆ:

"ಅವ್ವಾ, ಈ ಮನೇಲಿ ಯಾರ್ದೋ ಎಣ್ಮಗಳ್ನ ಕೂಡಾಕವ್ರೆ ಕಣವ್ವ. ಪಾಪ, ಬುಡ್ಸಿ."