ಗಾಜಿನ ಮನೆಗೊಂದು ಬೀಗ

ಮಾರ್ಚ್ 9, ಬೆಳಗ್ಗೆ 6.30

ಹೊರಗೆ ಇಪ್ಪತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ಗಾಜಿನ ಮನೆಯೊಳಗೆ, ಹೊದಿಕೆಯಡಿ, ಮೂವತ್ತಾರು. ಮೂವತ್ತೆರಡಕ್ಕೆ ನೀರು ಹೆಪ್ಪುಗಟ್ಟುತ್ತದೆ. ನಾಲ್ಕೇ ಡಿಗ್ರಿಯಲ್ಲಿ ಸಸಿಗಳು ಜೀವ ಹಿಡಿದುಕೊಂಡಿವೆ. ಹೀಟರ್ ಇಲ್ಲ, ಎಂದೂ ಇರಲಿಲ್ಲ. ಕಪ್ಪು ಬಣ್ಣ ಬಳಿದ ಹಾಲಿನ ಕ್ಯಾನುಗಳಲ್ಲಿ ನೀರು ತುಂಬಿ ಸಾಲಾಗಿ ಇಟ್ಟಿದ್ದೇನೆ — ಹಗಲು ಕುಡಿದ ಬಿಸಿಲನ್ನು ರಾತ್ರಿ ಬಿಟ್ಟುಕೊಡುತ್ತವೆ. ಸಸಿಗಳ ಮೇಲೆ ಅಮ್ಮನ ಹಳೇ ಬೆಡ್‌ಶೀಟು. ಸಂಜೆ ಹೊದಿಸು, ಬೆಳಗ್ಗೆ ತೆಗೆ. ಬಿಸಿಲು ಬಂದರೆ ಚಾವಣಿಯ ಕಿಂಡಿ ಎತ್ತು. ಅಮ್ಮನಿಗೂ ಹೀಗೇ ಮಾಡಿದೆ, ನಾಲ್ಕು ವರ್ಷ.

ಬಿತ್ತಿದ್ದು ನಲವತ್ತಾರು. ಎದ್ದಿದ್ದು ಮೂವತ್ತೊಂದು. ಅಮ್ಮನ ಸ್ವೀಟ್ ಪೀ ಹೂ. ಕಡುಗೆಂಪು, ಅಂಚಿಗೆ ಬಿಳಿ ಗೆರೆ. ವರ್ಮಾಂಟ್‌ನಲ್ಲಿ ಇನ್ನೊಬ್ಬರ ಬೇಲಿಯ ಮೇಲೆ ನಾನು ಕಂಡಿಲ್ಲ. ಅಮ್ಮ ಹಾಸಿಗೆ ಹಿಡಿದ ಮೇಲೆ ಬೀಜ ಕಟ್ಟಿಸಲು ನನಗೆ ಪುರುಸೊತ್ತೆಲ್ಲಿ? ಈಗ ಡಬ್ಬಿ ಖಾಲಿ. ಇವು ಹೂ ಬಿಟ್ಟು ಕಾಯಿ ಕಟ್ಟದಿದ್ದರೆ... ಮುಗಿಯಿತು.

ಮಾರ್ಚ್ 12

ಕೊರಿನ್ ಬಂದಿದ್ದಳು. ಒಬ್ಬಳೇ ತಂಗಿ. ಅಮ್ಮ ಮಲಗಿದ್ದ ನಾಲ್ಕು ವರ್ಷವೂ ಕ್ರಿಸ್‌ಮಸ್‌ಗೆ ಬಂದು ಫೋಟೋ ತೆಗೆಸಿಕೊಂಡು ಹೋದವಳು. ಅಮ್ಮ ಸತ್ತ ಮೇಲೆ ಇಲ್ಲೇ ಎರಡು ಮೈಲಿ ದೂರದಲ್ಲಿ ಮನೆ ಮಾಡಿದ್ದಾಳೆ. ಚರ್ಚ್‌ನಲ್ಲಿ ಈಗ ಎಲ್ಲದಕ್ಕೂ ಅವಳೇ ಬೇಕು. ಊರಿಗೆ ಉಪಕಾರಿ.

"ಅರ್ಧ ಸಸಿ ನಂಗೆ ಕೊಡು ಥೀಡಾ. ನೆಲಮಾಳಿಗೇಲಿ ಲೈಟ್ ಹಾಕಿ ಬೆಳೆಸ್ತೀನಿ. ಎಲ್ಲಾ ಒಂದೇ ಕಡೆ ಇಟ್ಟು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಏನಾಗುತ್ತೆ? ನಾನಿಲ್ವಾ?"

"ಇದೀಯ. ಒಬ್ಳೇ ಇದೀಯ, ಅದಕ್ಕೇ ಹೇಳ್ದೆ."

"ನಾಲ್ಕು ವರ್ಷಾನೂ ಒಬ್ಳೇ ಇದ್ದೆ. ಆಗ ಅರ್ಧ ಕೇಳೋಕೆ ಬರ್ಲಿಲ್ಲ ನೀನು."

ಕಾಫಿ ಕಪ್ಪನ್ನು ಮೇಜಿನ ಮೇಲಿಟ್ಟಳು. ಆಮೇಲೆ ಮೆತ್ತಗೆ — "ಮೇ ಕೊನೇಲಿ ಎಲ್ರೂ ಸಮಾಧಿ ಹತ್ರ ಹೂ ನೆಡ್ತಾರಲ್ಲ... ಅಮ್ಮನ ಹತ್ರ ಈ ಬಳ್ಳಿ ನನ್ನ ಕೈಯಾರೆ ನೆಡ್ಬೇಕು ಅಂತ ಆಸೆ."

"ಅಂಗಡೀಲಿ ಜೆರೇನಿಯಂ ಸಿಗುತ್ತೆ, ಹೋಗು."

ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು. ಹೇಳಬೇಕಾದ್ದು ಹೇಳಿದೆ ಅಂತ ಸಮಾಧಾನವಾಯಿತು. ಸುಳ್ಳೇಕೆ, ಸಂತೋಷವೇ ಆಯಿತು.

ಮಾರ್ಚ್ 15

ದಿನಸಿ ತರಲು ಹೋಗಿ ತಡವಾಯಿತು. ಬಂದು ನೋಡಿದರೆ ಬೆಡ್‌ಶೀಟು ಮಡಚಿಟ್ಟಿದೆ. ಕಿಂಡಿಗೆ ಕೋಲು ಕೊಟ್ಟು ಯಾರೋ ಗೇಣಷ್ಟು ಎತ್ತಿದ್ದಾರೆ. ಬಾಗಿಲಿನಿಂದ ರಸ್ತೆಯವರೆಗೆ ಹಿಮದ ಮೇಲೆ ಕೊರಿನ್‌ಳ ಬೂಟಿನ ಗುರುತು. ಎಣಿಸಿದೆ. ಮೂವತ್ತೊಂದೂ ಇದ್ದವು.

ಬಿಸಿಲು ಜೋರಾಗಿತ್ತು, ನಿಜ. ತೆರೆಯಬೇಕಾದ್ದೇ, ಎತ್ತಿದ್ದೂ ಸರಿಯಾಗಿಯೇ. ನನ್ನ ಹೊಟ್ಟೆ ಉರಿದದ್ದು ಅದಕ್ಕೇ.

ಮಾರ್ಚ್ 16

ಪಕ್ಕದ ಮನೆಯ ಹಾರ್ಲನ್ ಬಂದು ಕೊಂಡಿ ಜಡಿದು ಬೀಗ ಹಾಕಿಕೊಟ್ಟ. ಈ ಊರಲ್ಲಿ ಮನೆಗೂ ಬೀಗ ಹಾಕುವವರಿಲ್ಲ.

"ಹೂವಿನ ಸಸಿಗೆ ಬೀಗನಾ? ನನ್ನ ಟ್ರ್ಯಾಕ್ಟರ್‌ಗೇ ಇಲ್ವಲ್ಲ!"

"ನಿನ್ನ ಟ್ರ್ಯಾಕ್ಟರ್ ಕದಿಯೋ ಅಷ್ಟು ದಡ್ಡರು ಯಾರಿದಾರೆ?"

ನಕ್ಕ. ಮತ್ತೆ ತಲೆ ಕೆರೆದುಕೊಂಡ. "ಕಿಂಡಿ ಒಳಗಿನಿಂದ್ಲೇ ಎತ್ಬೇಕಲ್ಲ. ನೀನಿಲ್ದಾಗ ಬಿಸಿಲು ಬಂದ್ರೆ? ಕೀ ಎಲ್ಲಾದ್ರೂ ಮೊಳೆಗೆ ಹಾಕಿರು."

"ಕೀ ನನ್ನ ಕೊರಳಲ್ಲಿರುತ್ತೆ."

ಮಾರ್ಚ್ 22

ಮೂರನೆಯ ಜೊತೆ ಎಲೆ ಬಂತು. ತುದಿ ಚಿವುಟಿದೆ. ಚಿವುಟದಿದ್ದರೆ ಬಳ್ಳಿ ಕವಲೊಡೆಯುವುದಿಲ್ಲ. ಚಿಕ್ಕಂದಿನಲ್ಲಿ ಕೊರಿನ್ ಚಿವುಟಲು ಒಪ್ಪದೆ ಅಳುತ್ತಿದ್ದಳು. "ಪಾಪ, ಅವಳದು ಹೂವಿನಂಥ ಮನಸ್ಸು" ಅನ್ನುತ್ತಿದ್ದಳು ಅಮ್ಮ. ಚಿವುಟುವ ಕೆಲಸ ನನಗೆ ಬಂತು. ನನ್ನ ಮನಸ್ಸು ಎಂಥದ್ದೆಂದು ಯಾರೂ ಹೇಳಲಿಲ್ಲ.

ಕೊನೆಯ ವರ್ಷ ಅಮ್ಮನಿಗೆ ನೆನಪು ಹೋಗಿತ್ತು. ಸೂಪು ಕುಡಿಸುವಾಗ ನನ್ನ ಕೈ ಹಿಡಿದುಕೊಂಡು "ಬಂದ್ಯಾ ಕೊರಿನ್?" ಅನ್ನುತ್ತಿದ್ದಳು. ದಿನಾ. "ಬಂದೆ ಅಮ್ಮ" ಅನ್ನುತ್ತಿದ್ದೆ. ಇದನ್ನು ಎಲ್ಲಿಯೂ ಬರೆದಿರಲಿಲ್ಲ.

ಮಾರ್ಚ್ 29, ಬೆಳಗ್ಗೆ 9

ಹಿಮ ಬೀಳುತ್ತಿದೆ. ದಿನವಿಡೀ ಹೀಗೇ ಅಂತ ರೇಡಿಯೋದಲ್ಲಿ. ಬೆಡ್‌ಶೀಟು ತೆಗೆಯಲಿಲ್ಲ, ಕಿಂಡಿ ಎತ್ತಲಿಲ್ಲ. ಬೀಗ ಹಾಕಿದೆ. ಚರ್ಚ್‌ನಲ್ಲಿ ಮೇಪಲ್ ಮರದ ಸಿಹಿ ಪಾಕದ ಊಟ. ಹೋಗದಿದ್ದರೆ ಆಡಿಕೊಳ್ಳುತ್ತಾರೆ.

ಮಾರ್ಚ್ 29, ಸಂಜೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಊಟ ಚರ್ಚ್‌ನ ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ತಟ್ಟೆಯಲ್ಲಿ ಒತ್ತಿದ ಹಿಮ, ಅದರ ಮೇಲೆ ಕುದಿಯುವ ಪಾಕ, ನಂಚಿಕೊಳ್ಳಲು ಹುಳಿ ಸೌತೆಕಾಯಿ. ಬ್ಯಾಗಿನಲ್ಲಿ ಫೋನ್ ಅದುರಿತು. ಕೊರಿನ್. ಬಿಟ್ಟೆ. ಮತ್ತೆ. ಮತ್ತೆ.

"ಎತ್ತಬಾರ್ದಾ? ಏನೋ ಅರ್ಜೆಂಟ್ ಇರ್ಬೇಕು" ಅಂದ ಹಾರ್ಲನ್.

"ಅಮ್ಮ ಮಲಗಿದ್ದಾಗ ನಾಲ್ಕು ವರ್ಷ ಅವಳಿಗೆ ಅರ್ಜೆಂಟ್ ಇರ್ಲಿಲ್ಲ. ಇನ್ನೊಂದು ಗಂಟೆ ಕಾದ್ರೆ ಸಾಯಲ್ಲ."

ಮೇಜೆಲ್ಲ ನಕ್ಕಿತು. ನಾನೂ ನಕ್ಕೆ. ಇನ್ನೊಂದು ತಟ್ಟೆ ಹಾಕಿಸಿಕೊಂಡೆ.

ಎರಡೂವರೆಗೆ ಹೊರಗೆ ಬಂದರೆ ಆಕಾಶ ನೀಲಿ. ಹಿಮದ ಮೇಲಿನ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಕಾರು ಹೇಗೆ ಓಡಿಸಿದೆನೋ.

ಗಾಜಿನ ಮನೆಯ ಪಕ್ಕದ ಗೋಡೆಯ ಎರಡು ಗಾಜು ಒಡೆದಿದ್ದವು. ಒಳಗೊಂದು ಕಲ್ಲು. ಸುತ್ತ ಅವಳ ಬೂಟಿನ ಗುರುತು. ಹಾಳುಮಾಡಿದಳು ಅಂದುಕೊಂಡೆ. ಅಲ್ಲೇ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಬೀಗ ತೆಗೆದೆ. ಮುಖಕ್ಕೆ ಒಲೆಯ ಬಾಯಿ ತೆರೆದಂತಾಯಿತು. ಗಾಜು ಒಡೆದಿದ್ದರೂ ನೂರಹದಿನಾಲ್ಕು ಡಿಗ್ರಿ.

ಒಡೆದ ಗಾಜಿನೊಳಗೆ ಕೈ ಹಾಕಿ ಬೆಡ್‌ಶೀಟು ಎಳೆದಿದ್ದಾಳೆ. ಎಟುಕಿದಷ್ಟು. ಬಟ್ಟೆಯ ಮೇಲೆ ರಕ್ತ. ಕೈಗೆ ಎಟುಕದ ಕಡೆ ಹೊದಿಕೆ ಹಾಗೇ ಇತ್ತು. ಎತ್ತಿ ನೋಡಿದೆ. ಬೆಂದ ಸೊಪ್ಪು.

ಏಳು ಕರೆ. ಮೊದಲನೆಯದು 12.10ಕ್ಕೆ.

ಮಾರ್ಚ್ 30

ನೀರು ಕೊಟ್ಟೆ, ನೆರಳು ಮಾಡಿದೆ, ಕಾದೆ. ತಲೆ ಎತ್ತಿದ್ದು ಐದು. ಐದೂ ಒಡೆದ ಗಾಜಿನ ಪಕ್ಕದವು.

ಇಡೀ ಮಾರ್ಚ್ ಚಳಿಗೆ ಹೆದರಿ ಕಾದೆ. ಕೊಂದದ್ದು ಬಿಸಿಲು. ಅಲ್ಲ, ಬಿಸಿಲಲ್ಲ. ಬರೆಯಲು ಹೊರಟರೆ ಪೆನ್ನು ಬಿಸಿಲು ಅನ್ನುತ್ತದೆ.

ಹಾರ್ಲನ್ ಬಂದು ಹೇಳಿದ — "ಚರ್ಚ್‌ಗೆ ಬರೋ ದಾರೀಲಿ ಬಿಸಿಲು ನೋಡಿ ಇಲ್ಲಿ ಇಣುಕಿದ್ಲಂತೆ. ಬೀಗ ಮುರಿಯೋಕೆ ನನ್ನ ಶೆಡ್ಡಿಗೆ ಓಡಿದ್ಲಂತೆ, ಏನೂ ಸಿಗ್ಲಿಲ್ಲ. ಚರ್ಚ್‌ಗೆ ಹೋಗಿ ನಿನ್ನ ಕರ್ಕೊಂಡು ಬರೋಷ್ಟರಲ್ಲಿ ಎಲ್ಲಾ ಬೇಯುತ್ತೆ ಅಂತ ಕಲ್ಲು ತಗೊಂಡ್ಲು. ಕೈಗೆ ಒಂಬತ್ತು ಹೊಲಿಗೆ." ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಏಪ್ರಿಲ್ 2

ಎರಡು ಕುಂಡ ಹಿಡಿದು ಅವಳ ಮನೆಗೆ ಹೋದೆ. ಬಾಗಿಲು ತೆರೆದಳು. ಮೊಣಕೈವರೆಗೆ ಬ್ಯಾಂಡೇಜು. 

"ಎರಡು ತಂದಿದೀನಿ."

"ಯಾಕೆ?"

"ಅರ್ಧ ಕೇಳಿದ್ಯಲ್ಲ."

ಕುಂಡ ನೋಡಿದಳು. ಬೆರಳ ತುದಿಯಿಂದ ಎಲೆ ಮುಟ್ಟಿದಳು. "ಫೋನ್ ಯಾಕೆ ಎತ್ಲಿಲ್ಲ?"

"ಬ್ಯಾಗಲ್ಲಿತ್ತು. ಕೇಳಿಸ್ಲಿಲ್ಲ."

"ಹಾರ್ಲನ್ ಹೇಳ್ದ, ಥೀಡಾ. ನೀನು ಏನಂದೆ, ಎಲ್ರೂ ಹೇಗೆ ನಕ್ಕರು, ಎಲ್ಲಾ."

ಕುಂಡಗಳನ್ನು ಅವಳ ಕಡೆ ಚಾಚಿದೆ.

"ತಗೊಂಡು ಹೋಗು. ಇಲ್ಲಿ ಇದು ಸತ್ತು ಗಿತ್ತು ಹೋದ್ರೆ, ಸಾಯೋವರೆಗೂ ನಿನ್ನ ಬಾಯಲ್ಲಿ ಕೇಳ್ಬೇಕು. ನಂಗೆ ಅಷ್ಟು ಶಕ್ತಿ ಇಲ್ಲ."

ಬಾಗಿಲನ್ನು ಸದ್ದಾಗದ ಹಾಗೆ ಹಾಕಿಕೊಂಡಳು. ಬಡಿದಿದ್ದರೆ ಚೆನ್ನಾಗಿತ್ತು. ಕುಂಡಗಳನ್ನು ಪಕ್ಕದ ಸೀಟಿನಲ್ಲಿಟ್ಟು ವಾಪಸು ತಂದೆ.

ಏಪ್ರಿಲ್ 3

ಬೀಗ ಬಿಚ್ಚಿ ಕಸಕ್ಕೆ ಹಾಕಿದೆ. ಒಡೆದ ಕಡೆ ಪ್ಲಾಸ್ಟಿಕ್ ಹೊಡೆದೆ.

ಏಪ್ರಿಲ್ 12, ಬೆಳಗ್ಗೆ 8.40

ರಾತ್ರಿ ಮತ್ತೆ ಹಿಮ. ಹೊದಿಕೆಯಡಿ ಮೂವತ್ನಾಲ್ಕು. ಐದೂ ಇವೆ, ಕವಲೊಡೆದಿವೆ.

ಬೀಗ ತೆಗೆದು ಒಂಬತ್ತು ದಿನ. ಮೂರು ಸಲ ಬೇಕೆಂದೇ ಊರೊಳಗೆ ಹೋಗಿ ಹೊತ್ತು ಕಳೆದು ಬಂದೆ. ಬಾಗಿಲ ಮುಂದೆ ನನ್ನ ಬೂಟಿನ ಗುರುತು ಬಿಟ್ಟರೆ ಇನ್ನೊಂದಿಲ್ಲ.

ಅವಳಿಗೆ ಕಾಗದ ಬರೆಯೋಣವೆಂದು ಕೂತಿದ್ದೇನೆ. ಫೋನ್ ಮಾಡುವ ಮುಖ ನನಗಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ. "ಕೊರಿನ್, ಅಮ್ಮ ಕೊನೆಯ ವರ್ಷವೆಲ್ಲ ನಿನ್ನ ಹೆಸರನ್ನೇ ಕರೆದಳು. ನಿನಗೆ ಹೇಳಬೇಕಿತ್ತು. ಹೇಳಲಿಲ್ಲ, ಏಕೆಂದರೆ"

ಪುಟದ ಮೇಲೆ ಬಿಸಿಲು ಬಿತ್ತು. ಮೋಡ ಯಾವಾಗ ಸರಿಯಿತೋ... ಕಿಂಡಿ ಇನ್ನೂ ಎತ್ತಿಲ್ಲ —